ಚಿಗರಿಗೆ ಕೈಮುಗಿಯುವ ವಾಕ್ಯ ಹೇಗಿರುತ್ತದೆ?

ಕನ್ನಡ ಟೀಚರ್, ಬೀದರ್ · ಭಾನುವಾರ, ಸಂಜೆ 7.20

ಎಲ್ಲರಿಗೂ ನಮಸ್ಕಾರ. ವಾರದಿಂದ ತಲೆ ಕೊರೆಯುತ್ತಿರುವ ಒಂದು ಪ್ರಶ್ನೆಯನ್ನು ನಿಮ್ಮ ಮುಂದೆ ಇಡುತ್ತಿದ್ದೇನೆ.

ಬೀದರ್ ತಾಲ್ಲೂಕಿನ ಒಂದು ಪ್ರೌಢಶಾಲೆಯಲ್ಲಿ ಕನ್ನಡ ಕಲಿಸುತ್ತೇನೆ. ಒಂಬತ್ತನೆಯ ತರಗತಿಯ ಮಕ್ಕಳಿಗೆ ತಮ್ಮೂರಿನ ಒಂದು ಕಾಡುಪ್ರಾಣಿಯ ಮೇಲೆ ಪದ್ಯ ಬರೆಯಲು ಹೇಳಿದ್ದೆ. ಅವರಲ್ಲಿ ಒಬ್ಬ ಹುಡುಗಿಯ ಊರಿನ ಗೈರಾಣದಲ್ಲಿ, ಅಂದರೆ ದನ ಮೇಯುವ ಬಯಲಿನಲ್ಲಿ, ಚಿಗರಿಗಳು (ಕೃಷ್ಣಮೃಗಗಳು) ಮೇಯುತ್ತವೆ. ಶಾಲೆಗೆ ನಡೆದು ಬರುವ ದಾರಿಯಲ್ಲೇ ಆಕೆ ಅವುಗಳನ್ನು ನೋಡುತ್ತಾಳೆ. ಅವಳು ಬರೆದದ್ದು ಹೀಗಿತ್ತು:

ಕವಲೊಡೆದ ಕೊಂಬಿನ ಕಾನನದ ರಾಜ,
ಕಡುಚೆಲುವ ಕೃಷ್ಣಮೃಗ, ನಿನಗಿದೋ ನಮನ!

ಪ್ರಾಸ ಚೆನ್ನಾಗಿ ಕೂತಿದೆ, ಭಕ್ತಿಯೂ ಇದೆ. ಆದರೆ ಚಿಗರಿಯ ಕೊಂಬು ಕವಲೊಡೆಯುವುದಿಲ್ಲ. ಅದು ತಿರುಚಿಕೊಂಡು ನೇರ ಮೇಲಕ್ಕೆ ಹೋಗುತ್ತದೆ. ನಮ್ಮ ಕಡೆ ಅದು ಕಾನನದಲ್ಲೂ ಇರುವುದಿಲ್ಲ, ಬಯಲಿನಲ್ಲಿರುತ್ತದೆ. ದಿನಾ ಕಣ್ಣಾರೆ ಕಾಣುವ ಪ್ರಾಣಿಯನ್ನು ಬಿಟ್ಟು ಯಾವುದೋ ಕ್ಯಾಲೆಂಡರಿನ ಸಾರಂಗಕ್ಕೆ ನಮಸ್ಕಾರ ಸಂದಾಯವಾಗಿದೆ. "ನೀನು ನೋಡಿದ್ದನ್ನು ಏಕೆ ಬರೆಯಲಿಲ್ಲ?" ಎಂದು ಕೇಳಿದೆ. "ನೋಡಿದ್ದು ಪದ್ಯ ಆಗುತ್ತದಾ ಟೀಚರ್?" ಎಂದಳು. ಈ ಮಾತು ನನ್ನನ್ನು ಚುಚ್ಚಿದೆ, ಏಕೆಂದರೆ ಪದ್ಯವೆಂದರೆ ಹೊಗಳಿಕೆ ಎಂದು ಆಕೆಗೆ ಕಲಿಸಿದವರಲ್ಲಿ ನಾನೂ ಒಬ್ಬಳು.

ಅಂದು ರಾತ್ರಿ ಕಾಳಿದಾಸನ ಶಾಕುಂತಲ ನಾಟಕದ ಮೊದಲ ಅಂಕವನ್ನು ಮತ್ತೆ ತೆರೆದೆ. ದುಷ್ಯಂತ ರಥದಲ್ಲಿ ಜಿಂಕೆಯನ್ನು ಅಟ್ಟಿಸಿಕೊಂಡು ಹೋಗುವ ಪದ್ಯವಿದೆಯಲ್ಲ, 'ಗ್ರೀವಾಭಂಗಾಭಿರಾಮಂ' ಎಂದು ಶುರುವಾಗುವುದು. ಜಿಂಕೆ ಕೊರಳು ತಿರುಗಿಸಿ ಹಿಂದೆ ಬರುವ ರಥವನ್ನು ಮತ್ತೆ ಮತ್ತೆ ನೋಡುತ್ತದೆ. ಬಾಣ ಬಿದ್ದೀತೆಂಬ ಭಯಕ್ಕೆ ಹಿಂಭಾಗವನ್ನೆಲ್ಲ ಮುಂಭಾಗದೊಳಗೆ ಎಳೆದುಕೊಳ್ಳುತ್ತದೆ. ದಣಿದು ತೆರೆದ ಬಾಯಿಯಿಂದ ಅರ್ಧ ಅಗಿದ ದರ್ಭೆ ಉದುರಿ ದಾರಿಯುದ್ದಕ್ಕೂ ಚೆಲ್ಲುತ್ತದೆ. ಎತ್ತರಕ್ಕೆ ನೆಗೆನೆಗೆದು ನೆಲದ ಮೇಲಿರುವುದಕ್ಕಿಂತ ಆಕಾಶದಲ್ಲೇ ಹೆಚ್ಚು ಹೊತ್ತು ಇರುತ್ತದೆ. ಇಷ್ಟೇ. ಎಲ್ಲಿಯೂ ಒಂದು ಹೊಗಳಿಕೆಯ ಪದವಿಲ್ಲ. ಆದರೂ ಆ ಅರ್ಧ ಅಗಿದ ಹುಲ್ಲಿನ ಹತ್ತಿರ ಬಂದಾಗ ನನಗೆ ಕೈಮುಗಿಯಬೇಕು ಎನಿಸಿತು.

ನನ್ನ ಪ್ರಶ್ನೆ ಇದು. ಕಾಡುಪ್ರಾಣಿಯ ಬಗ್ಗೆ ಮನುಷ್ಯನಿಗಿರುವ ಪೂಜ್ಯಭಾವವನ್ನು ವಾಕ್ಯದೊಳಗೆ ತರುವುದು ಯಾವುದು? ಮಕ್ಕಳಿಗೆ ಹೇಳಿಕೊಡಬಹುದಾದ ಹಾಗೆ ಅದನ್ನು ಬಿಡಿಸಿ ಹೇಳಲು ಸಾಧ್ಯವೇ?

ಕ್ಯಾಮೆರಾ ಕಣ್ಣು, ಕಲಬುರಗಿ · ಭಾನುವಾರ, ರಾತ್ರಿ 8.05

ಟೀಚರ್, ಕೊಂಬಿನ ವಿಷಯ ಸಣ್ಣದಲ್ಲ. ಕವಲೊಡೆಯುವುದು ಸಾರಂಗ, ಚುಕ್ಕೆ ಜಿಂಕೆಗಳ ಕೊಂಬು. ಅದು ಉದುರಿ ಮತ್ತೆ ಬೆಳೆಯುತ್ತದೆ. ಕೃಷ್ಣಮೃಗದ ಕೊಂಬು ಒಮ್ಮೆ ಬಂದರೆ ಬದುಕಿನುದ್ದಕ್ಕೂ ಇರುತ್ತದೆ. ಹುಟ್ಟುವಾಗ ಗಂಡೂ ಕಂದು ಬಣ್ಣದ್ದೇ. ಪ್ರಾಯಕ್ಕೆ ಬರುತ್ತಾ ಬೆನ್ನು ಕಪ್ಪಾಗುತ್ತದೆ, ಹೊಟ್ಟೆ ಮತ್ತು ಕಣ್ಣಿನ ಸುತ್ತ ಮಾತ್ರ ಬಿಳಿ ಉಳಿಯುತ್ತದೆ. ಕವಿ ಇದನ್ನೆಲ್ಲ ಪದ್ಯದಲ್ಲಿ ಹೇಳಬೇಕಾಗಿಲ್ಲ, ಆದರೆ ತಿಳಿದಿರಬೇಕು. ಯಾರ ಮುಂದೆ ತಲೆ ಬಾಗುತ್ತಿದ್ದೇವೋ ಅವರ ಮುಖ ನೋಡದೆ ಬಾಗುವುದು ಯಾವ ಗೌರವ?

ಇನ್ನೊಂದು ಮಾತು. ಚಿಂಚೋಳಿಯ ಕಡೆ ನಾನು ಹೆಚ್ಚು ಅಲೆಯುವುದು ತೋಳಕ್ಕಾಗಿ. ಆ ವನ್ಯಜೀವಿಧಾಮ 2011ರಲ್ಲಿ ಘೋಷಣೆಯಾಯಿತು, ಒಣನಾಡಿನ ಕಾಡು. ಅಲ್ಲಿ ತೋಳ, ಕತ್ತೆಕಿರುಬ ಇವೆ. ಚಿಗರಿಗಾದರೆ ಕಾಳಿದಾಸನಿದ್ದಾನೆ. ತೋಳಕ್ಕೆ ನಮ್ಮ ಭಾಷೆ ಕೊಟ್ಟಿರುವುದು ಏನು? 'ತೋಳ ಹಳ್ಳಕ್ಕೆ ಬಿದ್ದರೆ ಆಳಿಗೊಂದು ಕಲ್ಲು.' ಒಂದು ಮುಂಜಾವು, ಹೊಗೆಯಂಥ ಮಂಜಿನಲ್ಲಿ, ತಾಯಿ ತೋಳವೊಂದು ತಿಂದದ್ದನ್ನು ಕಕ್ಕಿ ಮರಿಗಳಿಗೆ ಉಣಿಸುವುದನ್ನು ಕಂಡೆ. ಮರಿಗಳು ಬಾಲ ಅಲ್ಲಾಡಿಸುತ್ತಾ ಅದರ ಬಾಯಿ ನೆಕ್ಕುತ್ತಿದ್ದವು. ಆ ಫೋಟೋ ನನ್ನ ಬಳಿ ಇದೆ. ಅದರ ಕೆಳಗೆ ಬರೆಯಲು ಒಂದು ಸಾಲು ಇವತ್ತಿಗೂ ಸಿಕ್ಕಿಲ್ಲ.

ಕಾಗಿಣಾ ದಂಡೆ · ಭಾನುವಾರ, ರಾತ್ರಿ 9.40

ಟೀಚರ್ ಅವರೇ, ಪ್ರಶ್ನೆ ಬಹಳ ಹಿಡಿಸಿತು. ಆದರೆ ಒಂದು ತಿದ್ದುಪಡಿ. ಆ ಪದ್ಯದಲ್ಲಿ ಹೊಗಳಿಕೆಯ ಪದವೇ ಇಲ್ಲ ಎಂದಿರಿ. ನೀವು ಬರೆದ ಮೊದಲ ಪದದಲ್ಲೇ ಒಂದಿದೆ: 'ಅಭಿರಾಮಂ', ಮನೋಹರವಾಗಿ ಎಂದರ್ಥ. ಇದರಿಂದ ನಿಮ್ಮ ವಾದ ಬೀಳುವುದಿಲ್ಲ, ಇನ್ನಷ್ಟು ಗಟ್ಟಿಯಾಗುತ್ತದೆ. ಏಕೆಂದರೆ ಆ ಪದ ಜಿಂಕೆಗೆ ಅಂಟಿಕೊಂಡಿಲ್ಲ, ಕೊರಳು ತಿರುಗುವ ಆ ಒಂದು ಬಾಗಿಗೆ ಅಂಟಿಕೊಂಡಿದೆ. ಮನೋಹರವಾದದ್ದು ಪ್ರಾಣಿಯ ಕ್ರಿಯೆ. ನಿಮ್ಮ ವಿದ್ಯಾರ್ಥಿನಿಯ 'ಕಡುಚೆಲುವ' ಇಡೀ ಪ್ರಾಣಿಯ ಮೇಲೆ ಹೊದಿಸಿದ ಶಾಲಿನ ಹಾಗಿದೆ. ಶಾಲು ಹೊದಿಸಿದ ಮೇಲೆ ಒಳಗಿರುವುದು ಕಾಣುವುದಿಲ್ಲ.

ಇನ್ನೂ ಒಂದನ್ನು ಗಮನಿಸಿ. ಆ ಪದ್ಯವನ್ನು ಹೇಳುವವನು ಯಾರು? ಋಷಿಯಲ್ಲ, ಬೇಟೆಗಾರ. ಬಿಲ್ಲಿಗೆ ಬಾಣ ಹೂಡಿದವನೇ ಸಾರಥಿಗೆ 'ಪಶ್ಯ', ನೋಡು ಎನ್ನುತ್ತಾನೆ. ಕೊಲ್ಲಲು ಹೊರಟವನ ಕಣ್ಣೇ ಸೋತಿದೆ. ಆಶ್ರಮದವರು ಬಂದು 'ನ ಹಂತವ್ಯೋ ನ ಹಂತವ್ಯಃ', ಕೊಲ್ಲಬಾರದು, ಕೊಲ್ಲಬಾರದು ಎಂದು ಎರಡು ಸಲ ಕೂಗುವ ಮೊದಲೇ ಬಾಣ ಅರ್ಧ ಇಳಿದಿತ್ತು ಎಂದು ನನಗೆ ತೋರುತ್ತದೆ. ಕವಿ ಅದನ್ನು ಹೇಳಿಲ್ಲ, ಆ ಮಾತನ್ನು ಬೇಟೆಗಾರನ ಬಾಯಲ್ಲಿ ಇಟ್ಟಿದ್ದಾನೆ ಅಷ್ಟೆ. ಯಾರ ಬಾಯಿಂದ ಹೇಳಿಸಬೇಕು ಎಂಬ ಆಯ್ಕೆಯೂ ತಂತ್ರವೇ, ಬಹುಶಃ ಎಲ್ಲಕ್ಕಿಂತ ದೊಡ್ಡದು.

ಕಾವ್ಯಮೀಮಾಂಸಕ ಅಭಿನವಗುಪ್ತ ಭಯಾನಕ ರಸವನ್ನು ವಿವರಿಸುವಾಗ ಉದಾಹರಣೆಗೆ ಎತ್ತಿಕೊಳ್ಳುವುದು ಇದೇ ಪದ್ಯವನ್ನು. ಓದುವವನಲ್ಲಿ ಹುಟ್ಟುವ ಭಯ 'ನನಗೆ ಭಯ' ಎಂಬುದೂ ಅಲ್ಲ, 'ಯಾರೋ ಹೆದರಿದ್ದಾರೆ' ಎಂಬುದೂ ಅಲ್ಲ. ಅದು ಯಾರಿಗೂ ಕಟ್ಟುಬೀಳದ ಶುದ್ಧ ಭಯ. ಯೋಚಿಸಿ ನೋಡಿ, ಅಷ್ಟು ದೊಡ್ಡ ತತ್ತ್ವವನ್ನು ಬೆಳಗಿಸಲು ಆತ ಆರಿಸಿಕೊಂಡದ್ದು ಒಂದು ಜಿಂಕೆಯ ಮನಸ್ಸನ್ನು.

ನಮ್ಮ ಮಳಖೇಡದ ಮಾತಿಗೆ ಬರುತ್ತೇನೆ. ಸುಮಾರು 850ರ ಹೊತ್ತಿಗೆ, ನೃಪತುಂಗನ ಆಸ್ಥಾನದಲ್ಲಿ, ಈ ಕಾಗಿಣಾ ದಂಡೆಯ ಮೇಲೆ ಕವಿರಾಜಮಾರ್ಗ ರೂಪುಗೊಂಡಿತು. ಅದು ಬಹಳಷ್ಟು ನೆಚ್ಚಿಕೊಂಡಿರುವುದು ಸಂಸ್ಕೃತದ ಲಾಕ್ಷಣಿಕ ದಂಡಿಯ ಕಾವ್ಯಾದರ್ಶವನ್ನು. ದಂಡಿ ಅಲಂಕಾರಗಳನ್ನು ಹೇಳುವಾಗ ಮೊದಲ ಮಣೆ ಹಾಕುವುದು ಉಪಮೆಗಲ್ಲ, ರೂಪಕಕ್ಕಲ್ಲ, ಸ್ವಭಾವೋಕ್ತಿಗೆ. ಇರುವುದನ್ನು ಇರುವ ಹಾಗೆ ಹೇಳುವುದು. ಅದಕ್ಕೆ ಆತ ಕೊಡುವ ಮೊದಲ ಉದಾಹರಣೆ ಗಿಳಿ: ಕೆಂಪಾಗಿ ಬಾಗಿದ ಕೊಕ್ಕು, ಹಸಿರು ಮೆದು ರೆಕ್ಕೆ, ಕೊರಳಿಗೆ ಮೂರು ಬಣ್ಣದ ಗೆರೆ, ಇನಿದಾದ ದನಿ. ಎರಡನೆಯದು ಪಾರಿವಾಳ: ಗಂಟಲೊಳಗೇ ಗುಟುಗುಟು ಎನ್ನುತ್ತಾ, ಕಣ್ಣು ಹೊರಳಿಸುತ್ತಾ, ಹೆಣ್ಣಿನ ಸುತ್ತ ಸುತ್ತುವ ಗಂಡು. ಇದು ಅಲಂಕಾರವೇ ಅಲ್ಲ ಎಂದು ವಾದಿಸಿದವರೂ ಇದ್ದರು, ಕುಂತಕನಂಥ ದೊಡ್ಡವರೇ. ಇದ್ದುದನ್ನು ಇದ್ದ ಹಾಗೆ ಹೇಳಿದರೆ ಅಲಂಕಾರ ಎಲ್ಲಿ ಬಂತು ಎಂಬುದು ಅವರ ತಕರಾರು. 'ನೋಡಿದ್ದು ಪದ್ಯ ಆಗುತ್ತದಾ ಟೀಚರ್?' ಎಂದು ಕೇಳಿದ ಮಗು ಸಾವಿರ ವರ್ಷದ ಹಿಂದಿನ ಆ ಜಗಳವನ್ನೇ ಕೇಳಿದೆ. ಆಗುತ್ತದೆ ಮಗಳೇ ಎಂದು ದಂಡಿಯ ಪರವಾಗಿ ಅವಳಿಗೆ ಹೇಳಿ.

ಸುರಪುರದ ಮೊಮ್ಮಗಳು · ಭಾನುವಾರ, ರಾತ್ರಿ 10.30

ಹಿರಿಯರ ಮಾತಿಗೆ ಗೌರವವಿಟ್ಟೇ ಒಂದು ಭಿನ್ನಾಭಿಪ್ರಾಯ ಹೇಳುತ್ತೇನೆ. ಕಣ್ಣಿಟ್ಟು ನೋಡುವುದೊಂದೇ ಪೂಜ್ಯಭಾವದ ದಾರಿ ಎನ್ನುವುದಾದರೆ ನನ್ನ ಅಜ್ಜಿಯನ್ನು ಎಲ್ಲಿಡುವುದು? ಆಕೆ ಹಾವನ್ನು ನೋಡುತ್ತಲೇ ಇರಲಿಲ್ಲ, ಕಣ್ಣು ತಗ್ಗಿಸುತ್ತಿದ್ದಳು. ಕತ್ತಲಾದ ಮೇಲೆ ಹಾವು ಎಂಬ ಪದವನ್ನೂ ಎತ್ತುತ್ತಿರಲಿಲ್ಲ, 'ಹುಳ' ಎನ್ನುತ್ತಿದ್ದಳು. ಹಗಲಾದರೆ 'ನಾಗಪ್ಪ'. ಕೋತಿ ಅಟ್ಟಕ್ಕೆ ಬಂದರೆ 'ಹನುಮಪ್ಪ ಬಂದಾನ, ಬಾಗಿಲು ಹಾಕಿ' ಎನ್ನುತ್ತಿದ್ದಳು. ಹೆಸರು ಮುಚ್ಚುವುದು, ಹೆಸರಿಗೆ ಅಪ್ಪ ಸೇರಿಸುವುದು, ಇವೂ ಭಾಷೆಯ ತಂತ್ರಗಳೇ ಅಲ್ಲವೇ? ಇದನ್ನು ಯಾವ ಲಕ್ಷಣಗ್ರಂಥವೂ ಆಕೆಗೆ ಕಲಿಸಿರಲಿಲ್ಲ.

ಕನ್ನಡದಲ್ಲಿ ಇನ್ನೂ ಒಂದು ಸೂಕ್ಷ್ಮವಿದೆ. ಪ್ರಾಣಿಗೆ ನಾವು ನಪುಂಸಕ ಲಿಂಗ ಬಳಸುತ್ತೇವೆ: ಅದು ಬಂತು, ಅದು ಹೋಯಿತು. ಅಜ್ಜಿ ಮಾತ್ರ 'ಬಂದಾನ' ಎನ್ನುತ್ತಿದ್ದಳು. ಕ್ರಿಯಾಪದದ ಕೊನೆಯ ಒಂದು ಪ್ರತ್ಯಯ ಬದಲಾದರೆ ಸಾಕು, ಪ್ರಾಣಿ ಎದ್ದು ನಿಂತು ನಮ್ಮ ಸರಿಸಮಕ್ಕೆ ಬರುತ್ತದೆ. ಪುಣ್ಯಕೋಟಿಯ ಹಾಡಿನಲ್ಲಿ ಹುಲಿಯ ಬಾಯಲ್ಲಿ 'ಒಡಹುಟ್ಟಕ್ಕ' ಎಂಬ ಮಾತು ಬಂದಾಗ ಅಳದ ಮಕ್ಕಳಿದ್ದಾರೆಯೇ? ಹುಲಿಗೆ ಮನುಷ್ಯರ ಮಾತು, ಮನುಷ್ಯರ ನಂಟು ಕೊಟ್ಟದ್ದರಿಂದಲೇ ಅಲ್ಲವೇ ಅದು ನಮಗೆ ದೊಡ್ಡದಾಗಿ ಕಂಡದ್ದು? ಸ್ವಭಾವೋಕ್ತಿ ಮಾತ್ರ ಸಾಕೆಂದರೆ ನಮ್ಮ ಜನಪದದ ಅರ್ಧ ಆಸ್ತಿಯನ್ನು ಹೊರಗೆ ಹಾಕಬೇಕಾಗುತ್ತದೆ.

ಕಾಗಿಣಾ ದಂಡೆ · ಭಾನುವಾರ, ರಾತ್ರಿ 10.55

ತಂಗಿ, ಪ್ರತ್ಯಯದ ಮಾತು ಬಂಗಾರದಂಥದ್ದು, ಒಪ್ಪಿದೆ. ಪುಣ್ಯಕೋಟಿಯ ವಿಷಯದಲ್ಲಿ ಮಾತ್ರ ನನಗೆ ಯಾವಾಗಲೂ ಒಂದು ಸಂಕಟ. 'ಅಕ್ಕ' ಎಂದ ಮೇಲೆ ಆ ಹುಲಿಗೆ ಬದುಕಲು ದಾರಿಯೇ ಉಳಿಯಲಿಲ್ಲ, ನೆಗೆದು ಪ್ರಾಣ ಬಿಟ್ಟಿತು. ಹಸುವಿನ ಸತ್ಯ ಗೆದ್ದಿತು, ಹುಲಿ ಹುಲಿಯಾಗಿ ಉಳಿಯಲಿಲ್ಲ. ಅದು ಹಸುವಿನ ಬಗೆಗಿನ ಭಕ್ತಿ. ಹುಲಿಯ ಬಗೆಗಿನ ಭಕ್ತಿ ಎಂದರೆ ಅದು ಮಾಂಸ ತಿನ್ನುವುದನ್ನೂ ಸೇರಿಸಿಕೊಂಡು ಅದಕ್ಕೆ ತಲೆಬಾಗುವುದು. ಕ್ಯಾಮೆರಾ ಅವರು ಕಂಡ ತಾಯಿ ತೋಳದ ಬಾಯಲ್ಲಿ ಯಾರದೋ ಕುರಿಮರಿ ಇತ್ತೇನೋ. ಅದನ್ನೂ ಬರೆಯಬೇಕು.

ಸುರಪುರದ ಮೊಮ್ಮಗಳು · ಭಾನುವಾರ, ರಾತ್ರಿ 11.02

ಆ ಹುಲಿ ಸತ್ತಾಗ ನನಗೆ ಹಸು ಉಳಿಯಿತೆಂಬ ಸಂತೋಷ ಆಗಲೇ ಇಲ್ಲ ಸರ್. ಹುಲಿಗಾಗಿಯೇ ಅತ್ತಿದ್ದೆ. ಹಾಡು ಕಟ್ಟಿದವರಿಗೆ ಅದು ಗೊತ್ತಿತ್ತು ಎಂದೇ ನಂಬುತ್ತೇನೆ.

ಔರಾದಿನ ರೈತ · ಸೋಮವಾರ, ಬೆಳಿಗ್ಗೆ 5.50

ರಾತ್ರಿಯೆಲ್ಲ ನೀವು ಬರೆದದ್ದನ್ನು ಹೊಲದಲ್ಲೇ ಕೂತು ಓದಿದೆ. ಕಡಲೆ ಕಾಯಲು ಬಂದಿದ್ದೆ. ಯಾರಿಂದ ಕಾಯುವುದು ಎಂದರೆ ನೀವು ಕೈಮುಗಿಯುತ್ತಿರುವ ಚಿಗರಿಗಳಿಂದಲೇ.

ಸಿಟ್ಟಿನಿಂದ ಹೇಳುತ್ತಿಲ್ಲ, ಆದರೆ ಹೇಳಲೇಬೇಕು. ಮುಂಗಾರಿನಲ್ಲಿ ಉದ್ದು, ಹೆಸರು ಎರಡೆಲೆ ಒಡೆಯುವ ಹೊತ್ತಿಗೆ ಬರುತ್ತವೆ. ಹಿಂಗಾರಿನಲ್ಲಿ ಕಡಲೆಯ ಚಿಗುರಿಗೆ ಬರುತ್ತವೆ. ಮನೆಯ ಹೆಂಗಸರ ಹಳೆಯ ಸೀರೆಗಳನ್ನೆಲ್ಲ ಬದುವಿಗೆ ಕಟ್ಟಿದ್ದೇವೆ. ಗಾಳಿಗೆ ಅಲ್ಲಾಡಿದರೆ ಎರಡು ದಿನ ಹೆದರುತ್ತವೆ, ಮೂರನೆಯ ದಿನ ಸೀರೆಯ ಕೆಳಗೇ ಮೇಯುತ್ತವೆ. ಡಬ್ಬಿ ಬಾರಿಸುತ್ತೇವೆ. ಕಾನೂನು ಅವುಗಳ ಕಡೆಗಿದೆ, ಇರಲಿ, ಇರಬೇಕು. ಆದರೆ ನೀವು ಬರೆಯುವ ಪದ್ಯದಲ್ಲಿ ಈ ಸೀರೆಯೂ ಬರಬೇಕು. ನನ್ನ ಹೊಲ ಬಿಟ್ಟು ಬರೀ ಚಿಗರಿ ಬಂದರೆ ಆ ಪದ್ಯ ಸುಳ್ಳು.

ಇಷ್ಟು ವರ್ಷ ಅವುಗಳನ್ನು ಅಟ್ಟಿದವನಾಗಿ ಒಂದು ಮಾತು ಹೇಳುತ್ತೇನೆ, ಬೇಕಾದರೆ ಮಗುವಿಗೆ ಹೇಳಿ. ಹೋ ಎಂದು ಕೂಗಿದಾಗ ಅವು ಓಡುವುದಿಲ್ಲ, ಮೊದಲು ಹಾರುತ್ತವೆ. ಮುಂದಿನದು ಎಲ್ಲಿ ಹಾರಿತೋ ಹಿಂದಿನದೂ ಅಲ್ಲೇ ಹಾರುತ್ತದೆ, ಅದರ ಹಿಂದಿನದೂ ಅಲ್ಲೇ. ಅಲ್ಲಿ ಬದು ಇರುವುದಿಲ್ಲ, ಬೇಲಿ ಇರುವುದಿಲ್ಲ, ಸಪಾಟು ನೆಲ. ಇಲ್ಲದ ಬದುವನ್ನು ದಾಟಿದ ಹಾಗೆ ಇಡೀ ಹಿಂಡು ಒಂದೇ ಜಾಗದಲ್ಲಿ ಎದ್ದು ಇಳಿಯುತ್ತದೆ. ಡಬ್ಬಿ ಬಾರಿಸುತ್ತಿದ್ದ ಕೈ ಆ ಹೊತ್ತಿಗೆ ತಾನಾಗಿ ನಿಲ್ಲುತ್ತದೆ.

ಕನ್ನಡ ಟೀಚರ್, ಬೀದರ್ · ಸೋಮವಾರ, ಬೆಳಿಗ್ಗೆ 7.15

ಅಣ್ಣಾ, ನೀವು ಬರೆದದ್ದನ್ನು ಶಾಲೆಗೆ ಹೊರಡುವ ಮುನ್ನ ಮೂರು ಸಲ ಓದಿದೆ. 'ಇಲ್ಲದ ಬದುವನ್ನು ದಾಟಿದ ಹಾಗೆ' ಎಂದಿರಲ್ಲ, ಈ ಉಪಮೆ ಹೊಲದಲ್ಲಿ ನಿಂತವನಿಗಲ್ಲದೆ ಬೇರೆ ಯಾರಿಗೂ ಸಿಗುವುದಿಲ್ಲ. ಸೀರೆಯ ಮಾತನ್ನೂ ತರಗತಿಯಲ್ಲಿ ಹೇಳುತ್ತೇನೆ. ಹೇಳಿ ಮುಗಿಸುವುದಷ್ಟೇ ಅಲ್ಲ, ಬರೆಸುತ್ತೇನೆ.

ಭೀಮಾತೀರದ ಓದುಗ · ಸೋಮವಾರ, ಮಧ್ಯಾಹ್ನ 1.30

ತಡವಾಗಿ ಬಂದೆ. ಸನ್ನತಿಯ ಪಕ್ಕದವನು ನಾನು. ರೈತ ಕಾಕಾ ಹೇಳಿದ 'ಸುಳ್ಳು ಪದ್ಯ'ದ ಮಾತಿಗೆ ಒಂದು ಹಳೆಯ ಸಾಕ್ಷ್ಯ ಕೊಡುತ್ತೇನೆ.

ಸನ್ನತಿಯಲ್ಲಿ ಅಶೋಕನ ಶಾಸನಗಳು ಸಿಕ್ಕಿರುವುದು ಎಲ್ಲರಿಗೂ ಗೊತ್ತು. ಕನಗನಹಳ್ಳಿಯಲ್ಲಿ 'ರಾಯೋ ಅಸೋಕೋ' ಎಂದು ಹೆಸರು ಕೊರೆದ ಶಿಲ್ಪವೇ ಇದೆ. ನಾನು ಹೇಳಹೊರಟದ್ದು ಸನ್ನತಿಯ ಕಲ್ಲಿನ ಮೇಲಿಲ್ಲದ, ಗುಜರಾತಿನ ಗಿರ್ನಾರ್ ಮೊದಲಾದ ಕಡೆ ಇರುವ ಒಂದನೆಯ ಶಿಲಾಶಾಸನದ ಬಗ್ಗೆ. ಅದರಲ್ಲಿ ಅಶೋಕ ಹೇಳುತ್ತಾನೆ: ಹಿಂದೆ ಅರಮನೆಯ ಅಡುಗೆಮನೆಯಲ್ಲಿ ಸಾರಿಗಾಗಿ ದಿನಕ್ಕೆ ಲಕ್ಷಗಟ್ಟಲೆ ಪ್ರಾಣಿಗಳನ್ನು ಕೊಲ್ಲುತ್ತಿದ್ದರು. ಈಗ ಈ ಶಾಸನ ಬರೆಸುವ ಹೊತ್ತಿಗೆ ಮೂರನ್ನು ಮಾತ್ರ ಕೊಲ್ಲಲಾಗುತ್ತಿದೆ, ಎರಡು ನವಿಲು ಮತ್ತು ಒಂದು ಜಿಂಕೆ. ಆ ಜಿಂಕೆಯೂ ನಿತ್ಯವಲ್ಲ. ಮುಂದೆ ಈ ಮೂರನ್ನೂ ಕೊಲ್ಲುವುದಿಲ್ಲ.

'ಆ ಜಿಂಕೆಯೂ ನಿತ್ಯವಲ್ಲ.' ಈ ಸಣ್ಣ ವಾಕ್ಯವನ್ನು ಓದಿದಾಗಲೆಲ್ಲ ನನ್ನ ಗಂಟಲು ಕಟ್ಟುತ್ತದೆ. ಚಕ್ರವರ್ತಿಯಾದವನು 'ನಾನು ಹಿಂಸೆ ಬಿಟ್ಟೆ' ಎಂದು ದೊಡ್ಡದಾಗಿ ಸಾರಿಬಿಡಬಹುದಿತ್ತು. ಅವನು ಲೆಕ್ಕ ಕೊಟ್ಟ. ಇನ್ನೂ ಕೊಲ್ಲುತ್ತಿದ್ದೇನೆ, ಇಷ್ಟನ್ನು, ಅದರಲ್ಲೂ ಒಂದು ಕೆಲವು ದಿನ ಇಲ್ಲ ಎಂದು ಕಲ್ಲಿನ ಮೇಲೆ ಒಪ್ಪಿಕೊಂಡ. ಉಪಮೆ ಇಲ್ಲ, ಸಂಬೋಧನೆ ಇಲ್ಲ. ಬರೀ ಎಣಿಕೆ. ಎಣಿಕೆಯೊಳಗೆ ಬಂದ ಮೇಲೆ ಆ ಒಂದು ಜಿಂಕೆ ಮಾಂಸವಾಗಿ ಉಳಿಯದೆ ಒಂದು ಜೀವವಾಗುತ್ತದೆ. ಕಾಕಾನ ಸೀರೆಯ ಹಾಗೆ, ಮನುಷ್ಯನ ಪಾಲಿನ ತಪ್ಪನ್ನು ಅಳಿಸದೆ ಇಟ್ಟ ಬರಹ ಅದು.

ಕಲ್ಯಾಣದ ಹಾದಿ · ಸೋಮವಾರ, ಸಂಜೆ 6.10

ಬಸವಕಲ್ಯಾಣದಿಂದ ಶರಣು. ಎಲ್ಲರೂ ಪ್ರಾಣಿಯನ್ನು ನೋಡುವುದರ ಬಗ್ಗೆ ಮಾತಾಡಿದಿರಿ. ಪ್ರಾಣಿಯನ್ನು ಕೇಳುವುದೂ ಒಂದಿದೆ. ಅಕ್ಕಮಹಾದೇವಿಯ ವಚನ ನಿಮಗೆಲ್ಲ ಬಾಯಿಪಾಠ ಇರುತ್ತದೆ. 'ಚಿಲಿಮಿಲಿ ಎಂದೋದುವ ಗಿಳಿಗಳಿರಾ, ನೀವು ಕಾಣಿರೇ, ನೀವು ಕಾಣಿರೇ.' ಆಮೇಲೆ ಸರವೆತ್ತಿ ಪಾಡುವ ಕೋಗಿಲೆಗಳು, ಎರಗಿ ಬಂದಾಡುವ ತುಂಬಿಗಳು, ಕೊಳದ ತಡಿಯ ಹಂಸೆಗಳು, ಗಿರಿಗಹ್ವರದ ನವಿಲುಗಳು.

ಹಾಡುವಾಗ ನಾವು ಭಾವದಲ್ಲಿ ಮುಳುಗಿ ಇದರ ಕಟ್ಟಡವನ್ನು ಗಮನಿಸುವುದಿಲ್ಲ. ಗಿಳಿ, ಕೋಗಿಲೆ, ತುಂಬಿಗಳಿಗೆ ಅವುಗಳದ್ದೇ ಕ್ರಿಯಾಪದ. ಗಿಳಿ ಓದುತ್ತದೆ, ಕೋಗಿಲೆ ಪಾಡುತ್ತದೆ, ತುಂಬಿ ಎರಗುತ್ತದೆ. ಯಾರ ಕೆಲಸವನ್ನೂ ಇನ್ನೊಬ್ಬರಿಗೆ ಕೊಟ್ಟಿಲ್ಲ. ಹಂಸೆಗೆ, ನವಿಲಿಗೆ ಅವುಗಳದ್ದೇ ಜಾಗ. ಕಾಗಿಣಾ ಗುರುಗಳ ಸ್ವಭಾವೋಕ್ತಿ ಇಲ್ಲಿದೆ. 'ಗಿಳಿಗಳಿರಾ' ಎಂದು ಕರೆದು ಮಾತಾಡಿಸಿದ್ದರಿಂದ ಸುರಪುರದ ತಂಗಿ ಹೇಳಿದ ನಂಟೂ ಇಲ್ಲಿದೆ. ಎರಡಕ್ಕೂ ಜಗಳವೇ ಇಲ್ಲ. ಇನ್ನೂ ಮುಖ್ಯವಾದದ್ದು, ಅಕ್ಕ ಅವುಗಳಿಗೆ ಏನನ್ನೂ ಹೇಳುತ್ತಿಲ್ಲ, ಕೇಳುತ್ತಿದ್ದಾಳೆ. 'ಬಲ್ಲಡೆ ನೀವು ಹೇಳಿರೇ.' ನನಗೆ ಕಾಣದ ಚೆನ್ನಮಲ್ಲಿಕಾರ್ಜುನ ನಿಮಗೆ ಕಂಡಿರಬಹುದು. ಮನುಷ್ಯಳು ಕೆಳಗೆ, ಗಿಳಿ ಮೇಲೆ. ಅದೂ ಗಿಳಿ ಉತ್ತರ ಕೊಡುವುದಿಲ್ಲ. ಅದರ ಬಾಯಿಗೆ ಅಕ್ಕ ಮಾತು ತುರುಕಲಿಲ್ಲ. ವಚನ ಮುಗಿದಾಗ ಗಿಳಿ ತನ್ನ ಚಿಲಿಮಿಲಿಯನ್ನೇ ಓದಿಕೊಂಡು ಕೂತಿರುತ್ತದೆ. ಪ್ರಶ್ನಾರ್ಥಕ ವಾಕ್ಯವೊಂದರಲ್ಲಿ ಎಷ್ಟು ಕೈಮುಗಿತವಿದೆ ನೋಡಿ.

ಬೇಟೆಗಾರನ ಕಣ್ಣಿನ ಮಾತು ಬಂದಿತ್ತು. ನಮ್ಮ ಕಲ್ಯಾಣದಲ್ಲೇ, ಅಕ್ಕನಿಗೆ ಸ್ವಲ್ಪ ಮೊದಲು, ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ ಮಾನಸೋಲ್ಲಾಸ ಬರೆದ. ಅದರಲ್ಲಿ ಜಿಂಕೆಯ ಬೇಟೆಯ ವಿವರಗಳಿವೆ, ಪಳಗಿಸಿದ ಚೀತಾ ಬಿಟ್ಟು ಬೇಟೆಯಾಡಿಸುವ ಮಾತೂ ಇದೆ. ಓದುವಾಗ ಮನಸ್ಸು ಹಿಂಡುತ್ತದೆ. ಆ ಪ್ರಾಣಿಗಳ ನಡೆ, ಮೇವು, ಬೆದರಿಕೆ ಎಲ್ಲ ಅಷ್ಟು ನಿಖರವಾಗಿ ಗೊತ್ತಿದ್ದವನು ಅದನ್ನೆಲ್ಲ ಕೊಲ್ಲಲು ಬಳಸಿದ. ಹಾಗಾಗಿ ನಿಖರತೆ ಒಂದೇ ಸಾಕು ಎಂದು ನನಗೂ ಅನಿಸುವುದಿಲ್ಲ.

ಕ್ಯಾಮೆರಾ ಕಣ್ಣು, ಕಲಬುರಗಿ · ಸೋಮವಾರ, ಸಂಜೆ 6.45

ಚೀತಾ ಎಂದಿರಿ. ನಮ್ಮ ದೇಶದಲ್ಲಿ ಅದು ಅಳಿಯಿತೆಂದು 1952ರಲ್ಲಿ ಘೋಷಿಸಿದರು. 2022ರಲ್ಲಿ ಆಫ್ರಿಕಾದಿಂದ ತಂದು ಮಧ್ಯಪ್ರದೇಶದ ಕುನೋದಲ್ಲಿ ಬಿಟ್ಟರು. ನಮ್ಮ ಬಯಲಿನಲ್ಲಿ ಅಟ್ಟುವವನು ಹೋದ, ಓಡುವವನು ಉಳಿದ. ಗಂಟೆಗೆ 80 ಕಿಲೋಮೀಟರ್ ಓಡಬಲ್ಲ ಕಾಲುಗಳು ಈಗ ಡಬ್ಬಿಯ ಸದ್ದಿಗೆ ಓಡುತ್ತಿವೆ. ನೆಗೆತದಲ್ಲಿ ಚಿಗರಿಯನ್ನು ನೋಡುವಾಗ ನನಗೆ ಅದರ ಹಿಂದೆ ಇಲ್ಲದ ಚೀತಾ ಕಾಣುತ್ತದೆ. ಇಲ್ಲದ್ದನ್ನು ಕಾಣಿಸುವ ತಂತ್ರಕ್ಕೆ ಏನೆನ್ನುತ್ತಾರೆ, ಕಾಗಿಣಾ ಸರ್?

ಕಾಗಿಣಾ ದಂಡೆ · ಸೋಮವಾರ, ರಾತ್ರಿ 8.20

ಧ್ವನಿ ಎನ್ನುತ್ತಾರೆ, ಬಾಯಿಬಿಟ್ಟು ಹೇಳದೆ ಸೂಚಿಸುವುದು. ಆದರೆ ನೀವೀಗ ಹೇಳಿದ್ದೇ ಸಾಲು. 'ಅಟ್ಟುವವನು ಹೋದ, ಓಡುವವನು ಉಳಿದ.' ಬರೆದಿಟ್ಟುಕೊಳ್ಳಿ.

ಕಲ್ಯಾಣದವರಿಗೆ: ಸೋತೆ. ದಂಡಿಯನ್ನು ಹಿಡಿದುಕೊಂಡು ನಿಖರತೆಯೇ ಸರ್ವಸ್ವ ಎಂಬಂತೆ ಬರೆದುಬಿಟ್ಟೆ. ಮಾನಸೋಲ್ಲಾಸ ಅದಕ್ಕೆ ಉತ್ತರ. ಕಣ್ಣು ಚುರುಕಾಗಿದ್ದರೆ ಸಾಲದು, ಕೈ ಕಟ್ಟಿಕೊಂಡಿರಬೇಕು. ದುಷ್ಯಂತನ ಪದ್ಯಕ್ಕೂ ಬೇಟೆಯ ಕೈಪಿಡಿಗೂ ಇರುವ ವ್ಯತ್ಯಾಸ ಆ ತಡೆದ ಬಾಣದಲ್ಲಿದೆ. ಆದರೆ ತಡೆದದ್ದನ್ನು ವಾಕ್ಯದಲ್ಲಿ ಹೇಗೆ ತೋರಿಸುವುದು? ಇದು ನನಗೆ ಇನ್ನೂ ಬಿಡಿಸಲಾಗದ ಗಂಟು. 'ನಾನು ಕೊಲ್ಲಲಿಲ್ಲ' ಎಂದು ಬರೆದರೆ ಅದು ತನ್ನನ್ನೇ ಹೊಗಳಿಕೊಂಡಂತೆ.

ಔರಾದಿನ ರೈತ · ಸೋಮವಾರ, ರಾತ್ರಿ 9.30

ಗುರುಗಳೇ, ನನಗೆ ಶಾಸ್ತ್ರ ತಿಳಿಯುವುದಿಲ್ಲ. ಹೋದ ವರ್ಷ ಕಡಲೆ ಕೀಳುವಾಗ ನಡೆದದ್ದನ್ನು ಹೇಳುತ್ತೇನೆ.

ಆಳುಗಳು ಸಾಲು ಹಿಡಿದು ಕೀಳುತ್ತಾ ಬರುತ್ತಿದ್ದರು. ನಡುಹೊಲದಲ್ಲಿ ಒಬ್ಬಾಕೆ ತಟ್ಟನೆ ನಿಂತಳು. ಗಿಡದ ಬುಡದಲ್ಲಿ ಚಿಗರಿಯ ಮರಿ. ಹುಟ್ಟಿ ಎರಡು ಮೂರು ದಿನ ಆಗಿದ್ದೀತು. ಕಾಲು ಮಡಚಿ, ಕೊರಳನ್ನು ನೆಲಕ್ಕೆ ಚಾಚಿ ಒತ್ತಿಕೊಂಡು ಮಲಗಿತ್ತು. ಮಣ್ಣಿನ ಬಣ್ಣವೇ. ಕಣ್ಣು ತೆರೆದೇ ಇತ್ತು, ರೆಪ್ಪೆ ಬಡಿಯಲಿಲ್ಲ. ಮೂಗಿನ ಹೊಳ್ಳೆ ಮಾತ್ರ ಅಲುಗುತ್ತಿತ್ತು. ಅದರ ಕಿವಿಯ ಮೇಲೆ ಒಂದು ಇರುವೆ ಹತ್ತಿ ಇಳಿಯಿತು, ಆಗಲೂ ಅಲುಗಲಿಲ್ಲ. ಯಾರೂ ಮುಟ್ಟಲಿಲ್ಲ. ಮನುಷ್ಯರ ವಾಸನೆ ತಗುಲಿದರೆ ತಾಯಿ ಬಿಟ್ಟುಬಿಡುತ್ತದೆ ಎಂದು ನಮ್ಮಲ್ಲಿ ಹೇಳುತ್ತಾರೆ. ಆಳುಗಳಲ್ಲಿ ಹಿರಿಯಾಕೆ ಕೈಯಿಂದಲೇ ಸುತ್ತು ಗುರುತು ಮಾಡಿ ತೋರಿಸಿದಳು, ಅಷ್ಟು ಬಿಟ್ಟು ಕಿತ್ತರು. ಮಧ್ಯಾಹ್ನ ರೊಟ್ಟಿಗೆ ಕೂತಾಗಲೂ ಯಾರೂ ಗಟ್ಟಿಯಾಗಿ ಮಾತಾಡಲಿಲ್ಲ.

ಸಂಜೆಗೆ ಇಡೀ ಹೊಲ ಬೋಳು. ನಡುವೆ ಒಂದು ಮಂಚದಷ್ಟು ಜಾಗದಲ್ಲಿ ಕಡಲೆ ನಿಂತಿತ್ತು. ಮರುದಿನ ಬೆಳಿಗ್ಗೆ ಹೋದಾಗ ಮರಿ ಇರಲಿಲ್ಲ. ತಾಯಿ ಬಂದು ಕರೆದುಕೊಂಡು ಹೋಯಿತೋ, ನರಿಯೋ ತೋಳವೋ ಒಯ್ದಿತೋ ಗೊತ್ತಿಲ್ಲ. ಆ ಕಡಲೆಯನ್ನು ಆಮೇಲೂ ಕೀಳಲಿಲ್ಲ. ಅಲ್ಲೇ ಒಣಗಿತು.

ಸುರಪುರದ ಮೊಮ್ಮಗಳು · ಸೋಮವಾರ, ರಾತ್ರಿ 9.50

ಕಾಕಾ, ಕಾಗಿಣಾ ಸರ್ ಕೇಳಿದ ಗಂಟನ್ನು ನೀವು ಬಿಚ್ಚಿದಿರಿ. 'ನಮಗೆ ಕರುಣೆ ಬಂತು' ಎಂದು ನೀವು ಎಲ್ಲಿಯೂ ಹೇಳಲಿಲ್ಲ. ಕೀಳದೆ ಉಳಿದ ಕಡಲೆಯನ್ನು ತೋರಿಸಿದಿರಿ. ನನ್ನ ಅಜ್ಜಿ ಇದ್ದಿದ್ದರೆ ಆ ಮಂಚದಷ್ಟು ಜಾಗಕ್ಕೆ ಒಂದು ಹೆಸರಿಟ್ಟು ದೀಪ ಹಚ್ಚುತ್ತಿದ್ದಳು.

ಕನ್ನಡ ಟೀಚರ್, ಬೀದರ್ · ಶನಿವಾರ, ಸಂಜೆ 5.40

ಈ ವಾರ ತರಗತಿಯಲ್ಲಿ ನಿಮ್ಮೆಲ್ಲರ ಮಾತುಗಳನ್ನು ಓದಿ ಹೇಳಿದೆ. ಸಿದ್ಧಾಂತ ಹೇಳಲಿಲ್ಲ. ಅರ್ಧ ಅಗಿದ ದರ್ಭೆ, ನಿತ್ಯವಲ್ಲದ ಜಿಂಕೆ, ಚಿಲಿಮಿಲಿ ಓದುವ ಗಿಳಿ, ಬದುವಿನ ಸೀರೆ, ಕಿವಿಯ ಮೇಲಿನ ಇರುವೆ. ಆಮೇಲೆ ಎರಡು ನಿಯಮ ಹಾಕಿದೆ. ಪ್ರಾಣಿಗೆ ಗುಣವಾಚಕ ಹಚ್ಚಬಾರದು. ನೋಡುವಾಗ ನೀನೆಲ್ಲಿದ್ದೆ, ಏನು ಮಾಡುತ್ತಿದ್ದೆ ಎಂಬುದು ಇರಲೇಬೇಕು. ಹಲವರದ್ದು ಇನ್ನೂ ಹೊಗಳಿಕೆಯಲ್ಲೇ ಇದೆ, ಅವಸರವಿಲ್ಲ. ಒಬ್ಬ ಹುಡುಗ ತಮ್ಮ ಕುರಿ ಹೊತ್ತೊಯ್ದ ತೋಳದ ಮೇಲೆ ಬರೆಯಲು ಶುರು ಮಾಡಿದ್ದಾನೆ, ಮುಗಿದ ಮೇಲೆ ಕ್ಯಾಮೆರಾ ಅವರಿಗೆ ಕಳಿಸುತ್ತೇನೆ. ಆ ಹುಡುಗಿ ನಿನ್ನೆ ಇದನ್ನು ತಂದುಕೊಟ್ಟಳು:

ಅಲ್ಲಿ ಬದು ಇಲ್ಲ.
ಆದರೂ ಒಂದರ ಹಿಂದೆ ಒಂದು
ಅದೇ ಜಾಗದಲ್ಲಿ ಹಾರಿದವು.
ಅವ್ವನ ಹಸಿರು ಸೀರೆ
ಬೇಲಿಯ ಮೇಲೆ ಅಲ್ಲಾಡುತ್ತಿತ್ತು.
ಕೊನೆಯದು ಹಾರಲಿಲ್ಲ, ನಿಂತು ನೋಡಿತು.
ಹೆಗಲ ಚೀಲ ಭಾರವಾಗಿತ್ತು,
ನಾನು ಕೆಳಗಿಡಲಿಲ್ಲ.

ಔರಾದಿನ ರೈತ · ಶನಿವಾರ, ಸಂಜೆ 6.15

ಚೀಲ ಕೆಳಗಿಟ್ಟಿದ್ದರೆ ಓಡಿಹೋಗುತ್ತಿತ್ತು. ಇವಳು ನೋಡಿದ್ದಾಳೆ. ಕೊನೆಯದು ಗಂಡೋ ಹೆಣ್ಣೋ ಕೇಳಿ ಟೀಚರ್, ಗಂಡಾದರೆ ಸಾಮಾನ್ಯವಾಗಿ ಹಿಂದೆ ಉಳಿಯುತ್ತದೆ.

ಕನ್ನಡ ಟೀಚರ್, ಬೀದರ್ · ಶನಿವಾರ, ಸಂಜೆ 6.30

ನಾನೂ ಅದನ್ನೇ ಕೇಳಿದೆ ಅಣ್ಣಾ. "ಸೂರ್ಯ ಅದರ ಹಿಂದೆ ಇದ್ದ ಟೀಚರ್, ಬಣ್ಣ ಕಾಣಲಿಲ್ಲ, ಅದಕ್ಕೇ ಬರೆಯಲಿಲ್ಲ" ಎಂದಳು.